ಅನ್ನದ ಕಾಯಕವೂ ಸಂತೆಯ ಸತ್ಯವೂ

ಶರಣರ ಧರ್ಮದಲ್ಲಿ ಅನ್ನಕ್ಕೆ ಎರಡು ಲಕ್ಷಣಗಳನ್ನು ಹೇಳಿದೆ. ಅದು ದುಡಿದು ಪಡೆದದ್ದಾಗಿರಬೇಕು, ಹಂಚಿ ಉಂಡದ್ದಾಗಿರಬೇಕು. ಮೊದಲನೆಯದಕ್ಕೆ ಕಾಯಕವೆಂದೂ ಎರಡನೆಯದಕ್ಕೆ ದಾಸೋಹವೆಂದೂ ಹೆಸರು. ಈ ಎರಡು ಮಾತುಗಳನ್ನು ಅರಿಯದ ಭಕ್ತರಿಲ್ಲ. ಆದರೆ ಇವೆರಡರ ನಡುವೆ ಒಂದು ಹಾದಿಯಿದೆಯೆಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ. ಬಿತ್ತುವವನ ಕೈಯಿಂದ ಹೊರಟ ಕಾಳು ಕಣಕ್ಕೆ ಬರುತ್ತದೆ, ಕಣದಿಂದ ಮೂಟೆಗೆ, ಮೂಟೆಯಿಂದ ಸಂತೆಗೆ, ಸಂತೆಯ ತಕ್ಕಡಿಯಿಂದ ಗೃಹಿಣಿಯ ಚೀಲಕ್ಕೆ, ಅಲ್ಲಿಂದ ಒಲೆಗೆ ಬಂದು ಕಡೆಗೆ ಎಡೆಯಾಗುತ್ತದೆ. ಹೊಲವು ಶುದ್ಧವಾಗಿದ್ದು ತಕ್ಕಡಿಯು ಅಶುದ್ಧವಾದರೆ ಎಡೆಯು ಶುದ್ಧವಾಗುವುದೆಂತು? ತಕ್ಕಡಿಯು ಸರಿಯಿದ್ದು ಹೊಲದಲ್ಲಿ ವಿಷ ಬೆರೆತಿದ್ದರೆ ಆಗಲೂ ಫಲ ಅದೇ. ಆದುದರಿಂದ ಅನ್ನದ ಶುದ್ಧಿಯನ್ನು ವಿಚಾರಿಸುವವರು ಹೊಲ, ಸಂತೆ, ಅಡುಗೆಮನೆ ಮೂರನ್ನೂ ಒಟ್ಟಿಗೆ ನೋಡತಕ್ಕದ್ದು.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳಲ್ಲಿ, ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ, ಈ ವಿಚಾರವು ಇಂದು ಬರಿಯ ತತ್ತ್ವವಾಗಿ ಉಳಿದಿಲ್ಲ. ಅಲ್ಲಿಯ ಒಕ್ಕಲು ಮಕ್ಕಳ ಸಾಲ, ನೆಲದ ಆರೋಗ್ಯ, ಮುಂದಿನ ತಲೆಮಾರಿನ ಬದುಕು ಇದರೊಡನೆ ಹೆಣೆದುಕೊಂಡಿವೆ. ಸಾವಯವ ಬೆಳೆ, ಸ್ಥಳೀಯ ಆಹಾರ, ಬೀಜಮೇಳ, ಗೆಡ್ಡೆಗೆಣಸಿನ ಮೇಳ ಎಂಬ ಹೆಸರುಗಳಿಂದ ಈಚಿನ ವರ್ಷಗಳಲ್ಲಿ ನಡೆಯುತ್ತಿರುವ ಕೂಟಗಳನ್ನು ಈ ದೃಷ್ಟಿಯಿಂದಲೇ ಪರಿಶೀಲಿಸುವುದು ಉಚಿತ.

ಲಕ್ಕಮ್ಮನು ಕೇಳಿದ ಪ್ರಶ್ನೆ

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಎಲ್ಲರೂ ಬಲ್ಲರು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದನ್ನು ಅಡಿಗೆ ಮಾಡಿ ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಆ ದಂಪತಿಗಳ ನೇಮ. ಒಂದು ದಿನ ಮಾರಯ್ಯನು ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಕಳವು ಮಾಡಿದ್ದಲ್ಲ, ಬೇಡಿ ತಂದದ್ದೂ ಅಲ್ಲ; ಆಯ್ದೇ ತಂದದ್ದು. ಆದರೂ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದುದು ಆಸೆಯ ಫಲವೆಂದೂ ಅದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರಬೇಕೆಂದೂ ಗಂಡನಿಗೆ ತಿಳಿಹೇಳಿದಳು.

ಇಲ್ಲಿ ಮೂರು ಪಾಠಗಳಿವೆ. ಅನ್ನವು ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಅಡುಗೆ ಮಾಡುವವಳಿಗೆ ಉಂಟು ಎಂಬುದು ಮೊದಲನೆಯದು. ಎಷ್ಟು ತಂದೆ, ಏಕೆ ತಂದೆ ಎಂಬ ಪ್ರಶ್ನೆಗೆ ಕಾಯಕ ಮಾಡುವವನು ಉತ್ತರ ಕೊಡಬೇಕೆಂಬುದು ಎರಡನೆಯದು. ಪರೀಕ್ಷೆಯು ಹೊರಗಿನ ಅಧಿಕಾರಿಯಿಂದ ಬರಲಿಲ್ಲ, ಜೊತೆಯಲ್ಲಿ ಬಾಳುವವಳಿಂದಲೇ ಬಂದಿತು ಎಂಬುದು ಮೂರನೆಯದು. ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡು ಮುಂದಿನ ವಿಚಾರಗಳನ್ನು ನೋಡಬೇಕು.

ಒಕ್ಕಲಿಗ ಮುದ್ದಣ್ಣನೆಂಬ ಶರಣನು ಬೇಸಾಯವನ್ನೇ ತನ್ನ ಕಾಯಕ ಮಾಡಿಕೊಂಡು, ಉಳುವ ಬಿತ್ತುವ ಮಾತುಗಳಲ್ಲಿಯೇ ಅನುಭಾವವನ್ನು ಹೇಳಿದವನು. ಹೊಲದ ಕೆಲಸವನ್ನು ಕೀಳೆಂದು ಬಗೆಯುವ ಜನಕ್ಕೆ ಆತನ ಬಾಳು ಉತ್ತರವಾಗಿದೆ. ನೆಲವನ್ನು ಹದಮಾಡುವುದೂ ಮನಸ್ಸನ್ನು ಹದಮಾಡುವುದೂ ಒಂದೇ ಬಗೆಯ ಎಚ್ಚರವನ್ನು ಬೇಡುತ್ತವೆ.

ನಾಲ್ಕು ತಾಲ್ಲೂಕುಗಳ ನೆಲ

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಒಂದೇ ಬಗೆಯವಲ್ಲ. ಹಿಂದಿನ ಯಡತೊರೆಯಾದ ಕೃಷ್ಣರಾಜನಗರವು ಕಾವೇರಿಯ ಕಟ್ಟೆ ಕಾಲುವೆಗಳ ನೀರುಂಡು ಭತ್ತದ ಕಣಜವೆಂದು ಹೆಸರಾಗಿದೆ. ಲಕ್ಷ್ಮಣತೀರ್ಥವು ಹರಿಯುವ ಹುಣಸೂರಿನಲ್ಲಿಯೂ ಕೊಡಗಿಗೆ ತಾಗಿದ ಪಿರಿಯಾಪಟ್ಟಣದಲ್ಲಿಯೂ ಮಳೆಯನ್ನೇ ನೆಚ್ಚಿದ ಕೆಂಪು ಭೂಮಿ ಹೆಚ್ಚು. ಹೆಗ್ಗಡದೇವನಕೋಟೆಯು ಕಪಿಲೆ, ನುಗು, ತಾರಕ ಹೊಳೆಗಳ ಸೀಮೆ. ನಾಗರಹೊಳೆ, ಬಂಡೀಪುರದ ಕಾಡುಗಳು ಅದನ್ನು ಸುತ್ತುವರಿದಿವೆ. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಕಾಡುಕುರುಬ, ಯರವ, ಸೋಲಿಗರು ನೆಲೆಸಿದ್ದಾರೆ. ಆಡಳಿತದ ಅನುಕೂಲಕ್ಕಾಗಿ ಸರಗೂರು ಮತ್ತು ಸಾಲಿಗ್ರಾಮಗಳು ಈಗ ಬೇರೆ ತಾಲ್ಲೂಕುಗಳಾಗಿವೆ. ಆದರೆ ನೆಲದ ಗುಣವಾಗಲಿ ಜನರ ನಡೆಯಾಗಲಿ ಅದರಿಂದ ಬದಲಾಗಿಲ್ಲ.

ಹಿಂದೆ ಇಲ್ಲಿಯ ಮಳೆಯಾಶ್ರಯದ ಹೊಲಗಳಲ್ಲಿ ರಾಗಿಯೇ ಅರಸು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಲಸಂದೆಗಳನ್ನು ಬಿತ್ತುತ್ತಿದ್ದರು. ಒಂದು ಬೆಳೆಗೆ ಮಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ದ್ವಿದಳ ಧಾನ್ಯಗಳ ಬೇರುಗಂಟುಗಳಲ್ಲಿ ನೆಲೆಸುವ ಸೂಕ್ಷ್ಮ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆಂಬುದನ್ನು ವಿಜ್ಞಾನವು ವಿವರಿಸಿದೆ. ಆ ವಿವರ ತಿಳಿಯದಿದ್ದರೂ ಅದರ ಫಲವನ್ನು ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತಿತ್ತು, ಜೋಳದ ದಂಟು ದನಕ್ಕಾಗುತ್ತಿತ್ತು, ತೊಗರಿಯ ಕಡ್ಡಿ ಒಲೆಗಾಗುತ್ತಿತ್ತು. ಕೃಷ್ಣರಾಜನಗರದ ಗದ್ದೆಗಳಲ್ಲಿ ಮೈಸೂರು ಅರಸರ ಕಾಲದಿಂದ ಹೆಸರಾದ ರಾಜಮುಡಿಯಂತಹ ಭತ್ತಗಳಿದ್ದವು. ಕಾಡಂಚಿನ ಜನ ನೂರೆ ಗೆಣಸನ್ನೂ ಬಗೆಬಗೆಯ ಸೊಪ್ಪುಗಳನ್ನೂ ಋತುವಿಗೆ ತಕ್ಕಂತೆ ಅರಸಿ ತಂದು ಉಣ್ಣುತ್ತಿದ್ದರು.

ಹೊಗೆಸೊಪ್ಪಿನ ಪ್ರಶ್ನೆ

ಇಂದು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೆಸರು ದೂರದ ವರ್ತಕರಿಗೆ ತಿಳಿದಿರುವುದು ಹೊಗೆಸೊಪ್ಪಿನಿಂದ. 1975ರ ಕಾಯಿದೆಯಂತೆ 1976ರಲ್ಲಿ ತಂಬಾಕು ಮಂಡಳಿಯು ಸ್ಥಾಪನೆಯಾಯಿತು. ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂಬುದನ್ನು ಮಂಡಳಿಯೇ ಗೊತ್ತುಪಡಿಸುತ್ತದೆ. ಹರಾಜು ಕಟ್ಟೆಗಳನ್ನು ಅದೇ ನಡೆಸುತ್ತದೆ. ಮುಂಗಾರಿನಲ್ಲಿ ಸಸಿ ನೆಟ್ಟು, ಎಲೆ ಬಲಿತಂತೆ ಮುರಿದು, ಬ್ಯಾರನ್ನಿನಲ್ಲಿ ಸೌದೆ ಉರಿಸಿ ಹದಮಾಡಿ, ಬೇಲು ಕಟ್ಟಿ ಕಟ್ಟೆಗೆ ಒಯ್ಯುವುದು ಇಲ್ಲಿಯ ಸಾವಿರಾರು ಮನೆಗಳ ವಾಡಿಕೆ. ಇದರ ಜೊತೆಗೆ ಶುಂಠಿಯು ಬಂದಿತು. ಶುಂಠಿಗೆ ಬಂಡವಾಳ ಬಹಳ, ಗೊಬ್ಬರ ಔಷಧಿಗಳ ಸುರಿಮಳೆ ಬಹಳ; ಗೆಡ್ಡೆಕೊಳೆ ಬಂದರೆ ಅಥವಾ ಬೆಲೆ ಬಿದ್ದರೆ ಕುಟುಂಬವೇ ಮುಳುಗುವ ಭಯವೂ ಬಹಳ.

ಹೊಗೆಸೊಪ್ಪು ಬೆಳೆಯುವುದು ಸತ್ಯಶುದ್ಧ ಕಾಯಕವಾಗಬಲ್ಲುದೆ? ಈ ಪ್ರಶ್ನೆಯನ್ನು ಮುಚ್ಚಿಡುವುದು ಧರ್ಮವಲ್ಲ. ಹೊಲದ ಬೆಳೆಯನ್ನು ದಾಸೋಹಕ್ಕೆ ಅರ್ಪಿಸುವುದು ಶರಣ ಪದ್ಧತಿ. ರಾಗಿಯನ್ನು ಅರ್ಪಿಸಬಹುದು, ಭತ್ತವನ್ನು, ಬೆಲ್ಲವನ್ನು, ಬಾಳೆಯನ್ನು ಅರ್ಪಿಸಬಹುದು. ಹೊಗೆಸೊಪ್ಪನ್ನು ಯಾವ ಎಡೆಯಲ್ಲಿ ಇಡಬಹುದು? ಕೊಂಡವನ ಶ್ವಾಸಕೋಶವನ್ನು ಕೆಡಿಸುವ, ಹದಮಾಡಲು ಮರಗಳನ್ನು ಬೇಡುವ ಬೆಳೆಯು ಮನಸ್ಸಿಗೆ ನೆಮ್ಮದಿಯನ್ನು ತರಲಾರದೆಂಬುದನ್ನು ಬೆಳೆಯುವವರೇ ಒಪ್ಪುತ್ತಾರೆ.

ಆದರೆ ಇಲ್ಲಿಗೆ ನಿಂತು ರೈತನನ್ನು ನಿಂದಿಸುವುದು ಸುಲಭ, ನ್ಯಾಯವಲ್ಲ. ಅವನು ಈ ಬೆಳೆಯನ್ನು ಬಿಡದಿರುವುದೇಕೆಂದು ವಿಚಾರಿಸಬೇಡವೆ? ಹೊಗೆಸೊಪ್ಪಿಗೆ ಹರಾಜು ಕಟ್ಟೆಯಿದೆ. ಅಲ್ಲಿ ಕೊಳ್ಳುವವರು ತಾವಾಗಿ ಬಂದು ನಿಲ್ಲುತ್ತಾರೆ. ಬೆಳೆಯ ಆಧಾರದ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಅದೇ ರೈತನು ಹತ್ತು ಚೀಲ ಅವರೆಯನ್ನೋ ನಾಲ್ಕು ಮೂಟೆ ರಾಜಮುಡಿ ಅಕ್ಕಿಯನ್ನೋ ಬೆಳೆದರೆ ಅದಕ್ಕೆ ಯಾವ ಕಟ್ಟೆಯಿದೆ? ದಲ್ಲಾಳಿಯು ಹೇಳಿದ ಬೆಲೆಗೆ ಕೊಟ್ಟು ಬರಬೇಕು. ವಿಷವಿಲ್ಲದೆ ಬೆಳೆದುದಕ್ಕೂ ವಿಷ ಹೊಡೆದು ಬೆಳೆದುದಕ್ಕೂ ಒಂದೇ ರಾಶಿ, ಒಂದೇ ಬೆಲೆ. ಅನ್ನದ ಬೆಳೆಗಳು ಸೋತದ್ದು ಗುಣದಿಂದಲ್ಲ, ಮಾರುಕಟ್ಟೆಯಿಲ್ಲದುದರಿಂದ.

ತಂಬಾಕು ನಿಯಂತ್ರಣದ ವಿಶ್ವ ಒಪ್ಪಂದವನ್ನು ಭಾರತವು 2004ರಲ್ಲಿ ಅಂಗೀಕರಿಸಿತು. ಆ ಒಪ್ಪಂದದ 17ನೆಯ ವಿಧಿಯು ಬೆಳೆಗಾರರಿಗೆ ಬೇರೆ ಜೀವನೋಪಾಯವನ್ನು ಒದಗಿಸುವ ಹೊಣೆಯನ್ನು ರಾಷ್ಟ್ರಗಳಿಗೆ ಹೇಳುತ್ತದೆ. ಕಾಗದದ ಮೇಲಿನ ಆ ಹೊಣೆಯು ಹೊಲಕ್ಕಿಳಿಯಬೇಕಾದರೆ ಅನ್ನದ ಬೆಳೆಗೂ ಒಂದು ಕಟ್ಟೆ ಏಳಬೇಕು. ಆಹಾರ ಮೇಳಗಳ ನಿಜವಾದ ಮಹತ್ತ್ವವು ಇಲ್ಲಿದೆ. ಅವು ವಿನೋದದ ಜಾತ್ರೆಗಳಲ್ಲ. ಅನ್ನದ ಬೆಳೆಗೆ ಜನರೇ ಕಟ್ಟಿದ ಕಟ್ಟೆಗಳು.

ಮೇಳಗಳು ಏನನ್ನು ಕೊಡುತ್ತವೆ

ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಸಹಜ ಸಮೃದ್ಧ ಮೊದಲಾದ ಸಂಸ್ಥೆಗಳು ಈಚಿನ ವರ್ಷಗಳಲ್ಲಿ ದೇಸಿ ಅಕ್ಕಿ, ಬೀಜ, ಗೆಡ್ಡೆಗೆಣಸು, ಹಲಸು ಇವುಗಳ ಮೇಳಗಳನ್ನು ನಡೆಸಿವೆ. ಅಂತಹ ಮೇಳಗಳಲ್ಲಿ ಸುವರ್ಣಗೆಡ್ಡೆ, ಕೆಸು, ಮರಗೆಣಸು, ಕೂವೆಗೆಡ್ಡೆ, ಕಾಡುಗೆಣಸುಗಳು ಸಾಲಾಗಿ ಕುಳಿತಿರುವುದನ್ನು ಕಂಡು ಪಟ್ಟಣದ ಮಕ್ಕಳು ಬೆರಗಾಗುತ್ತಾರೆ. 2022ರ ನವೆಂಬರಿನಲ್ಲಿ ದೇಶದ ನಾನಾ ಭಾಗಗಳ ರೈತರೂ ಬೀಜ ಸಂರಕ್ಷಕರೂ ಸೇರಿದ ಕಿಸಾನ್ ಸ್ವರಾಜ್ ಸಮ್ಮೇಳನವು ಮೈಸೂರಿನಲ್ಲಿಯೇ ನಡೆಯಿತು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ರಾಗಿ, ನವಣೆ, ಸಾಮೆ, ಹಾರಕಗಳ ಹೆಸರು ಮತ್ತೆ ಪಟ್ಟಣದ ಬಾಯಿಗೆ ಬಂದಿತು.

ಮೇಳವೆಂಬುದು ಹೊಸದಾಗಿ ಬಂದುದಲ್ಲ. ಕಪಿಲಾ ತೀರದ ಸುತ್ತೂರಿನ ಜಾತ್ರೆಯಲ್ಲಿ ದಾಸೋಹದ ಜೊತೆಗೆ ಕೃಷಿಮೇಳ, ದನಗಳ ಪರಿಷೆಗಳು ನಡೆಯುತ್ತವೆ. ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರವು ರೈತರಿಗೆ ತರಬೇತಿ ನೀಡುತ್ತದೆ. ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ದನಗಳ ಜಾತ್ರೆ ಸೇರುತ್ತದೆ. ಕಪ್ಪಡಿಯಲ್ಲಿ ಶಿವರಾತ್ರಿಯಿಂದ ರಾಚಪ್ಪಾಜಿಯ ಜಾತ್ರೆ ನಡೆಯುತ್ತದೆ. ಪಿರಿಯಾಪಟ್ಟಣ ಸೀಮೆಯ ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಸನ್ನಿಧಿಯಿದೆ. ದೇವರ ದರ್ಶನ, ದನದ ವ್ಯಾಪಾರ, ಬೀಜದ ವಿನಿಮಯ, ನೆಂಟರ ಭೇಟಿ ಇವೆಲ್ಲ ಒಂದೇ ಬಯಲಿನಲ್ಲಿ ಆಗುತ್ತಿದ್ದ ಕಾಲವನ್ನು ಹಿರಿಯರು ಕಂಡವರೇ. ಈ ಜಾತ್ರೆಗಳ ಬಯಲಿನಲ್ಲಿ ನಾಲ್ಕು ತಾಲ್ಲೂಕಿನ ಸಾವಯವ ಬೆಳೆಗಾರರಿಗೆ ಒಂದು ಸಾಲು ಮೀಸಲಾದರೆ, ಆಟಿಕೆ ಬೆಂಡುಬತ್ತಾಸುಗಳ ಜೊತೆಗೆ ಒಳ್ಳೆಯ ಕಾಳೂ ಮನೆಗೆ ಹೋಗುತ್ತದೆ.

ಮೇಳಕ್ಕೆ ಬಂದ ಒಕ್ಕಲಿಗೆ ದೊರೆಯುವ ಲಾಭಗಳು ಐದು.

ಮೊದಲನೆಯದು ಬೆಲೆ. 2025-26ರ ಸಾಲಿಗೆ ಕೇಂದ್ರ ಸರ್ಕಾರವು ರಾಗಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಎಂದರೆ ಕಿಲೋಗೆ 49 ರೂಪಾಯಿಗೂ ಕಡಮೆ. ಅದೇ ರಾಗಿಯನ್ನು ಹಸನುಮಾಡಿ, ಹಿಟ್ಟು ಮಾಡಿಯೋ ಹುರಿಹಿಟ್ಟು ಮಾಡಿಯೋ ಉಣ್ಣುವವರ ಕೈಗೆ ನೇರವಾಗಿ ಕೊಟ್ಟರೆ ನಡುವಿನವರ ಪಾಲು ಒಕ್ಕಲಿನ ಮನೆಗೇ ಉಳಿಯುತ್ತದೆ.

ಎರಡನೆಯದು ಬೀಜ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನರು ತಮ್ಮ ಹೊಲದಲ್ಲಿ ನೂರಾರು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಒಂದು ಹಿಡಿ ಬೀಜವನ್ನು ಕೊಂಡೊಯ್ದವನು ಮರುವರ್ಷ ಎರಡು ಹಿಡಿಯನ್ನು ಮತ್ತೊಬ್ಬನಿಗೆ ಕೊಟ್ಟರೆ ಆ ತಳಿಯು ಅಳಿಯದು. ಇದು ಬೀಜದ ದಾಸೋಹ.

ಮೂರನೆಯದು ತಿಳಿವಳಿಕೆ. ಒಬ್ಬ ರೈತನ ಸೋಲನ್ನು ಕೇಳಿ ಇನ್ನೊಬ್ಬನು ಒಂದು ವರ್ಷವನ್ನು ಉಳಿಸಿಕೊಳ್ಳುತ್ತಾನೆ.

ನಾಲ್ಕನೆಯದು ಬಾಂಧವ್ಯ. ಒಂದು ದಿನದ ಗಿರಾಕಿಯು ವರ್ಷದ ಗಿರಾಕಿಯಾಗುವುದು ಮೇಳದಿಂದಲೇ.

ಐದನೆಯದು ಮರ್ಯಾದೆ. ಹಾಡಿಯ ಹೆಣ್ಣುಮಗಳು ತಾನು ತಂದ ಗೆಣಸಿನ ಹೆಸರನ್ನೂ ಬೇಯಿಸುವ ಕ್ರಮವನ್ನೂ ಪಟ್ಟಣದವರಿಗೆ ಹೇಳಿಕೊಡುವಾಗ ಗುರು ಯಾರು, ಶಿಷ್ಯರು ಯಾರು? ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನು ಅರಸನ ಮೃಷ್ಟಾನ್ನಕ್ಕಿಂತ ಮೇಲೆಂದು ಸವಿದನೆಂಬ ಕಥೆಯ ತಾತ್ಪರ್ಯವು ಇದೇ.

ನಂಬಿಕೆಯ ತಕ್ಕಡಿ

ಮೇಳದಲ್ಲಿ ಎಲ್ಲ ಅಂಗಡಿಗಳ ಮೇಲೂ ಸಾವಯವವೆಂಬ ಹಲಗೆ ತೂಗುತ್ತದೆ. ಅದು ನಿಜವೆಂದು ಕೊಳ್ಳುವವರು ಅರಿಯುವುದು ಹೇಗೆ? ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ವಿಷ ಕಾಣುವುದಿಲ್ಲ. ಈ ವ್ಯಾಪಾರವು ಬೇರೆಲ್ಲ ವ್ಯಾಪಾರಗಳಿಗಿಂತ ಹೆಚ್ಚಾಗಿ ಮಾತಿನ ಮೇಲೆಯೇ ನಿಂತಿದೆ.

ಒಂದು ಸಂದರ್ಭವನ್ನು ಊಹಿಸೋಣ. ಒಬ್ಬ ರೈತನು ತಾನು ಬೆಳೆದ ಮೂರು ಮೂಟೆ ಅಕ್ಕಿಯನ್ನು ಮೇಳಕ್ಕೆ ತಂದಿದ್ದಾನೆ. ಮಧ್ಯಾಹ್ನದ ಹೊತ್ತಿಗೆ ಅಕ್ಕಿ ಮುಗಿಯಿತು. ಕೊಳ್ಳುವವರು ಸಾಲಾಗಿ ನಿಂತಿದ್ದಾರೆ. ಪಕ್ಕದ ಬೀದಿಯ ಮಂಡಿಯಲ್ಲಿ ಅದೇ ಬಣ್ಣದ ಅಕ್ಕಿ ಸಿಗುತ್ತದೆ. ಎರಡು ಮೂಟೆ ತಂದು ಸುರಿದರೆ ಯಾರಿಗೂ ತಿಳಿಯದು. ಮನೆಯಲ್ಲಿ ಸಾಲವಿದೆ, ಮಗಳ ಶಾಲೆಯ ಶುಲ್ಕವಿದೆ. ಆ ಗಳಿಗೆಯಲ್ಲಿ ಅವನ ಕಿವಿಗೆ ಲಕ್ಕಮ್ಮನ ಮಾತು ಬಿದ್ದೀತೆ? ಮುಗಿಯಿತು, ಮುಂದಿನ ಬೆಳೆಗೆ ಬನ್ನಿ ಎಂದು ಹೇಳಿ ಖಾಲಿ ಚೀಲವನ್ನು ಮಡಿಸಿದರೆ ಅವನು ಆಯ್ದಕ್ಕಿ ಮಾರಯ್ಯನ ಸಾಲಿಗೆ ಸೇರಿದನು. ಮಂಡಿಯ ಅಕ್ಕಿಯನ್ನು ತಂದನೋ, ತನ್ನ ಕಾಯಕವನ್ನಷ್ಟೇ ಅಲ್ಲ, ಆ ಸಾಲಿನಲ್ಲಿ ಕುಳಿತ ಎಲ್ಲ ಒಕ್ಕಲುಗಳ ಕಾಯಕವನ್ನೂ ಕೆಡಿಸಿದನು. ಒಬ್ಬನ ಸುಳ್ಳು ಬಯಲಾದ ದಿನ ನೂರು ಜನರ ನಿಜವೂ ಸುಳ್ಳೆಂದು ಎಣಿಸಲ್ಪಡುತ್ತದೆ.

ಈ ಕಾರಣದಿಂದ ಪ್ರಮಾಣೀಕರಣದ ಕ್ರಮಗಳು ಬಂದಿವೆ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮವು 2001ರಲ್ಲಿ ಆರಂಭವಾಯಿತು. ಕರ್ನಾಟಕ ಸರ್ಕಾರವು 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಸಾರಿತು. ದೂರದ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯುವುದು ಸಣ್ಣ ರೈತನಿಗೆ ದುಬಾರಿಯಾಗುವುದರಿಂದ, ಸಹಭಾಗಿತ್ವದ ಖಾತರಿ ಪದ್ಧತಿಯನ್ನು ಕೇಂದ್ರವು 2011ರಿಂದ ಜಾರಿಗೆ ತಂದಿತು. ಜನರು ಇದನ್ನು ಪಿ.ಜಿ.ಎಸ್. ಎಂದು ಕರೆಯುತ್ತಾರೆ. ಅಕ್ಕಪಕ್ಕದ ಕನಿಷ್ಠ ಐವರು ರೈತರು ಒಂದು ಗುಂಪಾಗಿ, ಒಬ್ಬರ ಹೊಲವನ್ನು ಇನ್ನೊಬ್ಬರು ಹೊಕ್ಕು ಪರೀಕ್ಷಿಸಿ, ಲೆಕ್ಕಪುಸ್ತಕ ನೋಡಿ ಸಾಕ್ಷಿ ಹೇಳುವ ಪದ್ಧತಿಯಿದು. ಪರಿವರ್ತನೆಯಲ್ಲಿರುವ ಹೊಲದ ಬೆಳೆಗೆ ಒಂದು ಗುರುತು, ಪೂರ್ಣ ಸಾವಯವವಾದುದಕ್ಕೆ ಇನ್ನೊಂದು ಗುರುತು. 2017ರ ಆಹಾರ ಸುರಕ್ಷತಾ ನಿಯಮಗಳು ಸಾವಯವವೆಂದು ಮಾರುವ ಆಹಾರಕ್ಕೆ ಪ್ರಮಾಣವನ್ನು ಕಡ್ಡಾಯ ಮಾಡಿದರೂ, ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ಬೆಳೆಗಾರನು ಉಣ್ಣುವವರಿಗೆ ನೇರವಾಗಿ ಮಾರುವುದಕ್ಕೆ ವಿನಾಯಿತಿ ಕೊಟ್ಟಿವೆ. ಅಂಥವನು ಸರ್ಕಾರದ ಜೈವಿಕ್ ಭಾರತ್ ಚಿಹ್ನೆಯನ್ನು ಮಾತ್ರ ಬಳಸಕೂಡದು.

ವಿನಾಯಿತಿ ದೊರೆತ ಕಡೆಯೇ ಆತ್ಮಸಾಕ್ಷಿಯ ಹೊಣೆ ಹೆಚ್ಚು. ಗಂಡನ ಕಾಯಕವನ್ನು ಹೆಂಡತಿ ಪರೀಕ್ಷಿಸಿದಂತೆ, ನೆರೆಯವನ ಹೊಲವನ್ನು ನೆರೆಯವನು ಪರೀಕ್ಷಿಸುವುದು ಅಪಮಾನವಲ್ಲ. ಶರಣರು ಅನುಭವಮಂಟಪದಲ್ಲಿ ಒಬ್ಬರನ್ನೊಬ್ಬರು ಪ್ರಶ್ನಿಸಿಯೇ ಬೆಳೆದರು. ಪ್ರಶ್ನೆಗೆ ಅಂಜುವ ಕಾಯಕವು ಕಾಯಕವೇ ಅಲ್ಲ.

ಹಾದಿಯ ಕಷ್ಟಗಳು

ಇದೆಲ್ಲ ಸುಲಭವೆಂದು ಹೇಳಿದರೆ ಅದೂ ಸುಳ್ಳೇ. ರಾಸಾಯನಿಕ ಗೊಬ್ಬರವನ್ನು ಒಮ್ಮೆಲೆ ನಿಲ್ಲಿಸಿದ ಹೊಲದಲ್ಲಿ ಮೊದಲ ವರ್ಷಗಳಲ್ಲಿ ಇಳುವರಿ ಕುಗ್ಗುವುದು ಸಾಮಾನ್ಯ. ವಾರ್ಷಿಕ ಬೆಳೆಗಳಿಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷಗಳ ಪರಿವರ್ತನೆಯ ಅವಧಿಯನ್ನು ನಿಯಮಗಳೇ ಹೇಳುತ್ತವೆ. ಆ ಅವಧಿಯಲ್ಲಿ ಶ್ರಮ ಸಾವಯವದ್ದು, ಬೆಲೆ ಮಾತ್ರ ಹಳೆಯದು. ಕಳೆ ಕೀಳಲು ಆಳು ಸಿಗುವುದಿಲ್ಲ. ಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ತೇಲಿ ಬರುತ್ತದೆ. ಕಾಡಂಚಿನಲ್ಲಿ ಆನೆ ಹಂದಿಗಳ ಕಾಟ. ದನ ಕಡಮೆಯಾದ ಮನೆಯಲ್ಲಿ ಗೊಬ್ಬರವೂ ಕಡಮೆ.

ಆದುದರಿಂದ ವಿವೇಕದಿಂದ ನಡೆಯಬೇಕು. ಹೊಗೆಸೊಪ್ಪಿನ ಬ್ಯಾರನ್ನಿಗೆ ಸಾಲ ಮಾಡಿದವನು ಒಂದೇ ದಿನ ಅದನ್ನು ಬಿಟ್ಟುಬಿಡಲೆಂದು ಉಪದೇಶಿಸುವುದು ಅವನ ಮನೆಗೆ ಬೆಂಕಿಯಿಟ್ಟಂತೆ. ಮೊದಲು ಮನೆಯವರು ಉಣ್ಣುವಷ್ಟು ಅನ್ನವನ್ನು ವಿಷವಿಲ್ಲದೆ ಬೆಳೆಯಲಿ. ಅರ್ಧ ಎಕರೆಯಿಂದ ಆರಂಭವಾಗಲಿ. ತನ್ನ ಮಕ್ಕಳಿಗೆ ಒಂದು ಹೊಲ, ಮಾರುವುದಕ್ಕೆ ಇನ್ನೊಂದು ಹೊಲ ಎಂಬ ಭೇದವು ಕ್ರಮೇಣ ಮನಸ್ಸನ್ನು ಚುಚ್ಚತೊಡಗುತ್ತದೆ. ಆ ಚುಚ್ಚುವಿಕೆಯೇ ಅರ್ಧ ಎಕರೆಯನ್ನು ಒಂದು ಎಕರೆ ಮಾಡುತ್ತದೆ.

ಮಳೆಯಾಶ್ರಯದ ಹೊಲದಲ್ಲಿ ಅಕ್ಕಡಿ ಸಾಲುಗಳನ್ನು ಮತ್ತೆ ಬಿತ್ತಬೇಕು. ಗದ್ದೆಗೆ ಸೆಣಬನ್ನು ಚೆಲ್ಲಿ, ಹೂ ಬಿಡುವ ಹೊತ್ತಿಗೆ, ಸುಮಾರು 45 ದಿನಗಳಲ್ಲಿ, ಮಣ್ಣಿಗೆ ಸೇರಿಸಿ ಉಳುವುದು ಹಳೆಯ ಪರೀಕ್ಷಿತ ಕ್ರಮ. ಜೀವಾಮೃತವನ್ನು ಬಳಸುವವರು ಒಂದು ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಇವನ್ನು ಬೆರೆಸಿ ನೆರಳಿನಲ್ಲಿ ಇಟ್ಟು ದಿನವೂ ಕಲಕುತ್ತಾರೆ. ಆದರೆ ಇದೊಂದೇ ಮಂತ್ರವೆಂದು ನಂಬಿ ತಿಪ್ಪೆಗೊಬ್ಬರವನ್ನೂ ಹಸಿರೆಲೆಯನ್ನೂ ಮರೆತವರ ಹೊಲ ಬಡವಾದೀತು. ಮಣ್ಣಿನಿಂದ ಪಡೆದುದನ್ನು ಮಣ್ಣಿಗೆ ಮರಳಿ ಕೊಡದೆ ಫಲವನ್ನು ಬಯಸುವುದು, ಅಗತ್ಯಕ್ಕೆ ಮೀರಿ ಆಯ್ದು ತಂದ ಅಕ್ಕಿಯಂತೆಯೇ ಸರಿ.

ಮನೆಯ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ಇಲ್ಲಿ ದೊಡ್ಡ ಅವಕಾಶವಿದೆ. ಹುರಿಹಿಟ್ಟು, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಹುಚ್ಚೆಳ್ಳಿನ ಪುಡಿಗಳು ಮೂಟೆಯ ಧಾನ್ಯಕ್ಕಿಂತ ಬೇಗ ಮಾರಾಟವಾಗುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆಯೆಂಬ ಮಾತನ್ನು ಬಸುರಿ ಬಾಣಂತಿಯರ ಮನೆಗಳಿಗೆ ತಿಳಿಸುವುದೂ ಸೇವೆಯೇ. ಆಹಾರ ತಯಾರಿಸಿ ಮಾರುವವರು ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಸಮೀಪದಲ್ಲಿಯೇ ಇರುವುದು ಈ ಸೀಮೆಯ ಭಾಗ್ಯ.

ಗೃಹಸ್ಥರ ಪಾಲು, ದಾಸೋಹದ ಪಾಲು

ಹೊಲವಿಲ್ಲದ ಗೃಹಸ್ಥರು ಇದು ತಮಗೆ ಸೇರಿದ ಮಾತಲ್ಲವೆಂದು ಬಗೆಯಬಾರದು. ರೈತನು ವಿಷವಿಲ್ಲದೆ ಬೆಳೆಯಲೆಂದು ಆಶಿಸಿ, ಸಂತೆಯಲ್ಲಿ ಅತ್ಯಂತ ಅಗ್ಗದ ರಾಶಿಯನ್ನೇ ಹುಡುಕುವವರು ತಮ್ಮ ಮಾತನ್ನು ತಾವೇ ಸುಳ್ಳು ಮಾಡುತ್ತಾರೆ. ರೇಷ್ಮೆ ಸೀರೆಗೆ ಚೌಕಾಸಿ ಮಾಡದವರು ಸೊಪ್ಪಿನ ಕಂತೆಗೆ ಎರಡು ರೂಪಾಯಿ ಇಳಿಸುವುದು ಸಂತೆಯಲ್ಲಿ ನಿತ್ಯ ಕಾಣುವ ನೋಟ. ಬಡವರು ಹೆಚ್ಚು ಬೆಲೆ ಕೊಡಲಾರರು, ಅದು ನಿಜ. ಅವರಿಗಾಗಿ ಮೇಳದಲ್ಲಿ ಒಂದು ಪಾಲನ್ನು ಸುಲಭ ಬೆಲೆಗೆ ಇಡುವುದು ಬೆಳೆದವನ ದಾಸೋಹ. ಉಳ್ಳವರು ನ್ಯಾಯವಾದ ಬೆಲೆಯನ್ನು ಕೈಮೇಲೆ ಕೊಡುವುದು ಕೊಳ್ಳುವವನ ದಾಸೋಹ.

ಇನ್ನು ಮಠಗಳ ವಿಚಾರ. ಒಂದು ಮಠದಲ್ಲಿ ದಿನಕ್ಕೆ ಒಂದು ಹೊತ್ತು ನೂರು ಮಂದಿಗೆ ಪ್ರಸಾದವೆಂದು ಇಟ್ಟುಕೊಳ್ಳೋಣ. ಒಬ್ಬರಿಗೆ 150 ಗ್ರಾಂ ಅಕ್ಕಿಯಂತೆ ದಿನಕ್ಕೆ 15 ಕಿಲೋ, ವರ್ಷಕ್ಕೆ 5,475 ಕಿಲೋ ಅಕ್ಕಿ ಬೇಕು. ಒಂದು ಕ್ವಿಂಟಾಲ್ ಭತ್ತಕ್ಕೆ ಸುಮಾರು 65 ಕಿಲೋ ಅಕ್ಕಿಯೆಂದರೆ ಇದು ಸುಮಾರು 84 ಕ್ವಿಂಟಾಲ್ ಭತ್ತ. ಎಕರೆಗೆ 15 ಕ್ವಿಂಟಾಲ್ ಇಳುವರಿಯೆಂದು ಹಿಡಿದರೂ ಐದಾರು ಎಕರೆಯ ಬೆಳೆ. ಎಂದರೆ ಎರಡು ಮೂರು ಸಣ್ಣ ಒಕ್ಕಲು ಮನೆಗಳಿಗೆ ವರ್ಷದ ನಿಶ್ಚಿತ ಗಿರಾಕಿಯು ಒಂದು ಮಠದ ದಾಸೋಹದಿಂದಲೇ ದೊರೆತಂತೆ. ನೂರಕ್ಕೆ ಇಷ್ಟಾದರೆ ಸಾವಿರ ಮಂದಿ ಉಣ್ಣುವ ಕಡೆ ಎಷ್ಟಾಗಬಹುದು? ಹೊಗೆಸೊಪ್ಪಿನ ಕಟ್ಟೆಯು ರೈತನಿಗೆ ಕೊಡುವ ಧೈರ್ಯ ಯಾವುದೋ, ಬಿತ್ತುವ ಮುನ್ನವೇ ಕೊಳ್ಳುವವರು ಇದ್ದಾರೆಂಬ ಆ ಧೈರ್ಯವನ್ನೇ ದಾಸೋಹದ ಉಗ್ರಾಣವೂ ಕೊಡಬಲ್ಲುದು. ಮದುವೆ, ಗೃಹಪ್ರವೇಶ, ಗಣಾರಾಧನೆಗಳ ಅಡುಗೆಗೂ ಈ ಮಾತು ಸಲ್ಲುತ್ತದೆ. ಅಂಗಡಿಯ ಚೀಲವನ್ನು ತರುವ ಮುನ್ನ, ಊರಿನ ಯಾವ ಕಣದಲ್ಲಿ ಕಾಳಿದೆಯೆಂದು ಕೇಳುವುದು ಹಿಂದಿನವರ ಪದ್ಧತಿಯಾಗಿತ್ತು.

ಮನನಕ್ಕೆ

ಈ ಪಾಠದಿಂದ ಭಕ್ತರು ನಾಲ್ಕು ವಿಷಯಗಳನ್ನು ಮನನ ಮಾಡತಕ್ಕದ್ದು.

1. ಇಂದು ಮನೆಯ ಒಲೆಯ ಮೇಲಿರುವ ಅಕ್ಕಿ, ರಾಗಿ, ಬೇಳೆಗಳಲ್ಲಿ ಬೆಳೆದವರ ಊರು ತಿಳಿದಿರುವುದು ಎಷ್ಟಕ್ಕೆ?

2. ತನ್ನ ಹೊಲದ ಬೆಳೆಯನ್ನು ತನ್ನ ಮಕ್ಕಳ ತಟ್ಟೆಗೆ ಅಂಜಿಕೆಯಿಲ್ಲದೆ ಬಡಿಸಬಹುದೆ? ಬಡಿಸಲಾಗದುದನ್ನು ಪರರ ಮಕ್ಕಳಿಗೆ ಮಾರಬಹುದೆ?

3. ಹೊಗೆಸೊಪ್ಪನ್ನೋ ಶುಂಠಿಯನ್ನೋ ಬೆಳೆಯುವ ನೆರೆಯವನನ್ನು ನಿಂದಿಸುವ ಮುನ್ನ, ಅವನ ರಾಗಿಯನ್ನು ಕೊಳ್ಳಲು ತಾನು ಸಿದ್ಧನಿರುವೆನೆ?

4. ಮುಂದಿನ ಜಾತ್ರೆಯ ಬಯಲಿನಲ್ಲಿ ಅನ್ನ ಬೆಳೆದವನಿಗೆ ಒಂದು ಮೊಳ ಜಾಗವನ್ನು ಕೊಡಿಸಲು ಊರಿನ ಹಿರಿಯರು ಮುಂದಾಗುವರೆ?

ಲಕ್ಕಮ್ಮನು ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿಸಿದ ದಿನ ಆ ಮನೆಯ ದಾಸೋಹವು ನಿಲ್ಲಲಿಲ್ಲ. ಇದ್ದ ಅಕ್ಕಿಯಲ್ಲಿಯೇ ಎಲ್ಲರಿಗೂ ಸಾಕಾಯಿತು. ಹುಣಸೂರಿನ ಕೆಂಪು ಹೊಲದಲ್ಲಿಯೂ ಕೃಷ್ಣರಾಜನಗರದ ಗದ್ದೆಯಲ್ಲಿಯೂ ಪಿರಿಯಾಪಟ್ಟಣದ ಏರುತಗ್ಗಿನಲ್ಲಿಯೂ ಕೋಟೆಯ ಕಾಡಂಚಿನಲ್ಲಿಯೂ ದುಡಿಯುವ ಕೈಗಳು ಶುದ್ಧವಾದ ಒಂದು ಹಿಡಿ ಕಾಳನ್ನು ಬೆಳೆಯಲಿ. ಅದನ್ನು ಸತ್ಯದ ತಕ್ಕಡಿಯಲ್ಲಿ ತೂಗುವವರೂ ನ್ಯಾಯದ ಬೆಲೆಯಲ್ಲಿ ಕೊಳ್ಳುವವರೂ ದೊರೆಯಲಿ. ಆಗ ಹೊಲದಿಂದ ಎಡೆಯವರೆಗಿನ ಹಾದಿಯೆಲ್ಲವೂ ಕಾಯಕವಾಗುತ್ತದೆ, ದಾಸೋಹವಾಗುತ್ತದೆ.

ಶರಣು ಶರಣಾರ್ಥಿ.